ರಾಣಿ ಸತ್ತರೆ ಗೂಡು ಯಾರದ್ದು? ಜೋಗದ ಇರುವೆ ಹೇಳುವ ಕತೆ

'ನಿಸರ್ಗದಲ್ಲೇ ಮೇಲು-ಕೀಳು ಇದೆ. ಇರುವೆಗಳನ್ನೇ ನೋಡಿ, ರಾಣಿ ರಾಣಿಯಾಗೇ ಹುಟ್ಟುತ್ತೆ, ಕೆಲಸಗಾರ ಇರುವೆ ಕೆಲಸ ಮಾಡ್ತಾನೇ ಸಾಯುತ್ತೆ.' ಈ ವಾದ ವಾಟ್ಸಾಪ್ ಗುಂಪುಗಳಲ್ಲೂ ಬರುತ್ತೆ, ಪ್ರವಚನಗಳಲ್ಲೂ ಬರುತ್ತೆ. ಕೀಟಶಾಸ್ತ್ರದ ಭಾಷೆಯೂ ಇದಕ್ಕೆ ಸ್ವಲ್ಪ ಕುಮ್ಮಕ್ಕು ಕೊಟ್ಟಿದೆ. ಇರುವೆಗಳಲ್ಲಿ ರಾಣಿ, ಕೆಲಸಗಾರ ಎಂಬ ವಿಭಾಗಗಳಿಗೆ ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬಳಸುವ ಪದ 'ಕಾಸ್ಟ್', ಅಂದರೆ ಜಾತಿ!

ಹಾಗಾದರೆ ಇರುವೆಗಳ ಮನೆಯೊಳಗೆ ನಿಜಕ್ಕೂ ಏನು ನಡೆಯುತ್ತೆ? ಅದನ್ನು ನೋಡೋದು ಸುಲಭವಲ್ಲ. ನಾವು ಹುತ್ತ ಅಂತ ಕರೆಯೋದು ಗೆದ್ದಲಿನ ಗೂಡು. ಗೆದ್ದಲು ಇರುವೆಯ ಜಾತಿಗೆ ಸೇರಿದ್ದೇ ಅಲ್ಲ, ಜಿರಳೆಯ ಬಂಧು. ನೆಲದೊಳಗೆ ಬದುಕುವ ಬಹುಪಾಲು ಇರುವೆಗಳ ಮನೆ ಹೊರಗೆ ಕಾಣೋದು ಒಂದು ತೂತಾಗಿ, ಅದರ ಸುತ್ತ ಒಂದಿಷ್ಟು ಮಣ್ಣಾಗಿ ಮಾತ್ರ. ಅಗೆದರೆ ಗೂಡು ಕುಸಿಯುತ್ತೆ.

ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ವಾಲ್ಟರ್ ಶಿಂಕೆಲ್ ಇದಕ್ಕೆ ಅಚ್ಚಿನ ದಾರಿ ಹಿಡಿದರು. ಗೂಡಿನ ಬಾಯಿಗೆ ನೀರಲ್ಲಿ ಕಲಸಿದ ಪ್ಲಾಸ್ಟರ್, ಕರಗಿಸಿದ ಮೇಣ ಅಥವಾ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅಲ್ಯುಮಿನಿಯಂ ಸುರಿಯೋದು, ಗಟ್ಟಿಯಾದ ಮೇಲೆ ಸುತ್ತ ಅಗೆದು ಹೊರತೆಗೆಯೋದು. ಆಗ ಖಾಲಿ ಜಾಗವೇ ಆಕಾರವಾಗಿ ಕೈಗೆ ಸಿಗುತ್ತೆ. ಮೇಣದ ಅಚ್ಚನ್ನು ಮತ್ತೆ ಕರಗಿಸಿದರೆ ಯಾವ ಕೋಣೆಯಲ್ಲಿ ಎಷ್ಟು ಇರುವೆ ಇತ್ತು ಅಂತ ಎಣಿಸಬಹುದು. ವಾಸವಿರುವ ಗೂಡಿಗೆ ಸುರಿದರೆ ಒಳಗಿನ ಇರುವೆಗಳು ಸಾಯುತ್ತವೆ ಅನ್ನೋದನ್ನೂ ಮರೆಯಬಾರದು.

ಫ್ಲೋರಿಡಾದ ಕಾಳು ಕೂಡಿಡುವ ಇರುವೆಯ ಗೂಡು ಮೂರು ಮೀಟರ್ ಆಳದವರೆಗೂ ಇಳಿಯುತ್ತೆ. ಅದರೊಳಗೆ ಸುರುಳಿ ಸುರುಳಿಯಾದ ದಾರಿಗಳು, ನೂರಕ್ಕೂ ಮೀರಿದ ಕೋಣೆಗಳು. ಕೆಳಗೆ ಎಳೆಯ ಇರುವೆಗಳು ಮರಿಗಳನ್ನು ನೋಡಿಕೊಳ್ಳುತ್ತವೆ. ವಯಸ್ಸಾದವು ಮೇಲಿದ್ದು, ಅಪಾಯದ ಕೆಲಸವಾದ ಆಹಾರ ಹುಡುಕಾಟಕ್ಕೆ ಹೊರಗೆ ಹೋಗುತ್ತವೆ. ಇಂಥ ಗೂಡನ್ನು ಇವು ಕತ್ತಲಲ್ಲಿ, ಮೇಸ್ತ್ರಿಯಾಗಲಿ ನಕ್ಷೆಯಾಗಲಿ ಇಲ್ಲದೆ, ಒಂದು ವಾರದೊಳಗೇ ತೋಡಿ ಮುಗಿಸುತ್ತವೆ. ರಾಣಿ ಯಾರಿಗೂ ಆಜ್ಞೆ ಕೊಡೋದಿಲ್ಲ. ಅದರ ಕೆಲಸ ಮೊಟ್ಟೆ ಇಡೋದು. 'ರಾಣಿ' ಅನ್ನೋದು ನಾವು ಇಟ್ಟ ಹೆಸರು ಅಷ್ಟೇ.

ಇನ್ನೂ ಕುತೂಹಲದ ಕತೆ ನಮ್ಮ ಪಶ್ಚಿಮಘಟ್ಟದ್ದು. ಹಾರ್ಪೆಗ್ನಾಥೋಸ್ ಸಾಲ್ಟೇಟರ್ ಎಂಬ ಜಿಗಿಯುವ ಇರುವೆ ಜೋಗ ಜಲಪಾತದ ಸುತ್ತಮುತ್ತ ಸಿಗುತ್ತೆ. ದೊಡ್ಡ ಕಣ್ಣು, ಉದ್ದನೆಯ ದವಡೆ, ಬೇಟೆ ಕಂಡರೆ ಹಾರಿ ಹಿಡಿಯುತ್ತೆ. ಒಂದು ಗೂಡಿನಲ್ಲಿ ಇರೋದು ಸಾವಿರಗಟ್ಟಲೆ ಅಲ್ಲ, ಹತ್ತಾರರಿಂದ ನೂರರ ಆಸುಪಾಸು.

1994ರಲ್ಲಿ ಕ್ರಿಶ್ಚಿಯನ್ ಪೀಟರ್ಸ್, ಬರ್ಟ್ ಹೋಲ್‌ಡೋಬ್ಲರ್, ಮಾರ್ಕ್ ಮಾಫೆಟ್ ಮತ್ತು ಬೆಂಗಳೂರಿನ ಇರುವೆ ತಜ್ಞ ಮುಷ್ತಾಕ್ ಅಲಿ ಇದರ ಗೂಡಿನ ವಿವರ ಪ್ರಕಟಿಸಿದರು. ಮೇಲಿನ ಕೋಣೆಗೆ ದಪ್ಪನೆಯ ಗುಮ್ಮಟದಂಥ ಮಾಡು. ಆ ಮಾಡಿಗೂ ಸುತ್ತಲಿನ ಮಣ್ಣಿಗೂ ನಡುವೆ ಖಾಲಿ ಜಾಗ. ದೊಡ್ಡ ಗೂಡುಗಳಲ್ಲಿ ಈ ಮಾಡು ಚಿಪ್ಪಿನಂತೆ ಇಳಿದು, ಒಂದರ ಮೇಲೊಂದಿರುವ ಕೋಣೆಗಳನ್ನೆಲ್ಲ ಸುತ್ತುವರಿಯುತ್ತೆ. ಗೋಡೆಗಳ ಒಳಮೈಗೆ ಹಳೆಯ ರೇಷ್ಮೆಗೂಡುಗಳ ಚೂರುಗಳನ್ನು ವಾಲ್‌ಪೇಪರ್ ಥರ ಹಚ್ಚಿರುತ್ತವೆ. ಎಲ್ಲಕ್ಕಿಂತ ಕೆಳಗೆ ಕಸದ ಕೋಣೆ. ಯಾಕಿಷ್ಟು ಖಟಾಟೋಪ? ಮಲೆನಾಡಿನ ಮಳೆ ನೋಡಿದವರಿಗೆ ಹೇಳಬೇಕಿಲ್ಲ. ಈ ರಚನೆಗಳನ್ನು ಸಂಶೋಧಕರು ಮುಖ್ಯವಾಗಿ ನೆರೆನೀರಿನಿಂದ ರಕ್ಷಣೆಯ ದೃಷ್ಟಿಯಿಂದ ಚರ್ಚಿಸಿದರು.

ಇಲ್ಲಿಂದ ಗೂಡಿನ ಕತೆ ರಾಜಕೀಯದ ಕತೆಯಾಗುತ್ತೆ. ಇಷ್ಟು ದುಬಾರಿ ಮನೆ ಕಟ್ಟಿದ ಮೇಲೆ ಬಿಟ್ಟುಹೋಗೋದು ಕಷ್ಟ. ಬೇರೆ ಕೆಲವು ಇರುವೆಗಳ ಹಾಗೆ ಗುಂಪು ಎರಡಾಗಿ ಒಡೆದು, ಒಂದು ಪಾಲು ಹೊಸ ಗೂಡು ಹೂಡೋದು ಇವಕ್ಕೆ ಸಾಧ್ಯವಾಗದೇ ಇರೋದು ಇದರಿಂದಲೇ ಇರಬಹುದು ಅನ್ನೋದು ಆ ಸಂಶೋಧಕರ ಊಹೆ. ಹೊಸ ಗೂಡು ಶುರುವಾಗೋದು ಒಂಟಿ ರಾಣಿಯಿಂದ. ಆದರೆ ಆ ರಾಣಿ ಸತ್ತರೆ ಗೂಡು ಪಾಳು ಬೀಳೋದಿಲ್ಲ. ಕೆಲಸಗಾರ ಇರುವೆಗಳೇ ಪೈಪೋಟಿಗೆ ಇಳಿಯುತ್ತವೆ. ಮೀಸೆಗಳಿಂದ ಒಂದನ್ನೊಂದು ಬಡಿಯುವ ಈ ಸೆಣಸಾಟ ವಾರಗಟ್ಟಲೆ ನಡೆಯುತ್ತೆ. ಕೊನೆಗೆ ಗೆದ್ದ ಕೆಲವು ಮೊಟ್ಟೆ ಇಡಲು ಶುರುಮಾಡುತ್ತವೆ. ಅಧಿಕಾರ ಒಬ್ಬರದ್ದಲ್ಲ, ಹಲವರದ್ದು. ಆಮೇಲೆ ಬೇರೆ ಯಾರಾದರೂ ಮೊಟ್ಟೆ ಇಡಲು ಹೊರಟರೆ ಜೊತೆಯವೇ ಅದನ್ನು ಹಿಡಿದು ತಡೆಯುತ್ತವೆ.

ಗೆದ್ದ ಇರುವೆಯ ದೇಹವೇ ಬದಲಾಗುತ್ತೆ. ಸುಮಾರು ಏಳು ತಿಂಗಳ ಆಯಸ್ಸು ನಾಲ್ಕು ವರ್ಷದಷ್ಟಾಗುತ್ತೆ, ಮಿದುಳು ಸುಮಾರು ಐದನೇ ಒಂದರಷ್ಟು ಕುಗ್ಗುತ್ತೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಇರುವೆಗಳನ್ನು ಕೆಲವು ವಾರ ಗುಂಪಿನಿಂದ ಬೇರೆ ಇಟ್ಟಾಗ ಅವು ಮತ್ತೆ ಕೆಲಸಗಾರರಾದವು, ಮಿದುಳೂ ಮೊದಲಿನಷ್ಟೇ ಬೆಳೆಯಿತು. ಹುಟ್ಟಿನಿಂದ ಬಂದದ್ದು ಅಂದುಕೊಂಡಿದ್ದ ಸ್ಥಾನ, ಸಂದರ್ಭ ಬದಲಾದರೆ ಬದಲಾಗುತ್ತೆ.

ಹಾಗಂತ ಜೋಗದ ಇರುವೆ ಪ್ರಜಾಪ್ರಭುತ್ವದ ಮಾದರಿ ಅಂತ ನಾವೂ ಪೋಸ್ಟ್ ಹಾಕಬೇಕಿಲ್ಲ. ಅಲ್ಲೂ ಬಹುಪಾಲು ಕೆಲಸಗಾರರು ಕೆಲಸಗಾರರಾಗಿಯೇ ಸಾಯುತ್ತಾರೆ, ಸೋತವರನ್ನು ಅಲ್ಲೂ ಹಿಡಿದಿಡುತ್ತಾರೆ. ಸಾವಿರಾರು ಬಗೆಯ ಇರುವೆಗಳಿವೆ, ಯಾವ ಸಿದ್ಧಾಂತಕ್ಕೆ ಬೇಕಾದರೂ ಒಂದು ಉದಾಹರಣೆ ಹೆಕ್ಕಿ ತರಬಹುದು. ಇರುವೆಗೆ ತನ್ನ ಮನೆಯ ಕಟ್ಟಳೆ ತಿದ್ದುವ ಸಂವಿಧಾನವಿಲ್ಲ. ನಮಗೆ ಇದೆ. ಆದ್ದರಿಂದ ಮುಂದಿನ ಸಲ ಯಾರಾದರೂ 'ನಿಸರ್ಗ ನಿಯಮ' ಅಂತ ಇರುವೆಯನ್ನು ಮುಂದೆ ಮಾಡಿದರೆ ಒಂದೇ ಪ್ರಶ್ನೆ ಕೇಳಿ: ಯಾವ ಇರುವೆ, ಸ್ವಾಮಿ?