ದಾವಾಗ್ನಿಯೂ ಮನೆಯ ಸೂರೂ

2018ನೆಯ ಇಸವಿಯ ನವೆಂಬರ್ 8ರ ಮುಂಜಾನೆ, ಉತ್ತರ ಕ್ಯಾಲಿಫೋರ್ನಿಯದ ಪುಲ್ಗಾ ಎಂಬಲ್ಲಿಗೆ ಸಮೀಪದಲ್ಲಿ, ನೂರು ವರ್ಷಗಳಷ್ಟು ಹಳೆಯದಾಗಿದ್ದ ವಿದ್ಯುತ್ ಮಾರ್ಗದ ಕೊಕ್ಕೆಯೊಂದು ಸವೆದು ಮುರಿದುದರಿಂದ ಹುಟ್ಟಿದ ಕಾಳ್ಗಿಚ್ಚು, ತಿಂಗಳುಗಟ್ಟಲೆ ಒಳ್ಳೆಯ ಮಳೆಯನ್ನೇ ಕಾಣದಿದ್ದ ನೆಲದ ಮೇಲೆ ಈಶಾನ್ಯದ ಒಣಗಾಳಿಯ ಬೆನ್ನೇರಿ, ಎರಡು ಗಂಟೆಗಳೊಳಗಾಗಿ ಪ್ಯಾರಡೈಸ್ ಎಂಬ ಊರನ್ನು ಹೊಕ್ಕಿತು. ಸ್ವರ್ಗದ ಹೆಸರನ್ನಿಟ್ಟುಕೊಂಡಿದ್ದ ಆ ಊರೂ ನೆರೆಯ ವಸತಿಗಳೂ ಬಹುಮಟ್ಟಿಗೆ ಭಸ್ಮವಾದುವು. 85 ಮಂದಿ ಪ್ರಾಣವನ್ನು ಕಳೆದುಕೊಂಡರು, 18,000ಕ್ಕೂ ಮಿಕ್ಕ ಕಟ್ಟಡಗಳು ನಾಶವಾದುವು. ಬೆಂಕಿ ಆರಿದ ಬಳಿಕ ತೆಗೆದ ಚಿತ್ರಗಳಲ್ಲಿ ವಿಲಕ್ಷಣವಾದ ಒಂದು ನೋಟವಿದೆ: ಮನೆಯಿದ್ದ ಜಾಗದಲ್ಲಿ ಇಟ್ಟಿಗೆಯ ಚಿಮಣಿಯೊಂದೇ ನಿಂತಿದೆ, ಕೆಲವೇ ಮಾರು ದೂರದಲ್ಲಿ ಪೈನ್ ಮರ ಹಸಿರಾಗಿಯೇ ಇದೆ. ಕಾಡನ್ನು ಸುಡಬೇಕಾದ ಬೆಂಕಿ ಮರವನ್ನುಳಿಸಿ ಮನೆಯನ್ನು ತಿಂದದ್ದು ಹೇಗೆ?

ಈ ಪ್ರಶ್ನೆಯನ್ನು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಬಹು ಹಿಂದೆಯೇ ಎತ್ತಿಕೊಂಡಿದ್ದರು. 1990ರ ದಶಕದ ಕೊನೆಯಲ್ಲಿ ಕೆನಡದ ವಾಯವ್ಯ ಪ್ರದೇಶದ ಕಾಡಿನಲ್ಲಿ ಬೇಕೆಂದೇ ಬೆಂಕಿಯಿಟ್ಟು, ಕಾಡಿನ ಅಂಚಿನಿಂದ ಬೇರೆ ಬೇರೆ ದೂರಗಳಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ ನೋಡಿದಾಗ, 10 ಮೀಟರ್ ದೂರದ ಗೋಡೆಗಳು ಕೆಲವೊಮ್ಮೆ ಹೊತ್ತಿಕೊಂಡುವೇ ಹೊರತು 30 ಮೀಟರ್ ದೂರದವುಗಳಿಗೆ ಸುಟ್ಟ ಕಲೆಯೂ ತಗುಲಲಿಲ್ಲ. ಮರದ ನೆತ್ತಿಗೇರಿದ ಜ್ವಾಲೆ ನೋಡುವವನ ಎದೆಯನ್ನು ನಡುಗಿಸುವಂಥದಾದರೂ ಒಂದೆಡೆಯಲ್ಲಿ ಬಹುಹೊತ್ತು ನಿಲ್ಲತಕ್ಕದ್ದಲ್ಲ. ಅದರ ತಾಪವೂ ದೂರ ಹೆಚ್ಚಿದಂತೆಲ್ಲ ಬೇಗನೆ ಕುಗ್ಗುತ್ತದೆ. ಹಾಗಾದರೆ ಮನೆಯನ್ನು ಸುಡುವುದು ಯಾವುದು? ಬಹುಪಾಲು, ಗಾಳಿ ಹೊತ್ತು ತರುವ ಕಿಡಿ. ಮೈಲಿಗೂ ಮಿಕ್ಕ ದೂರವನ್ನು ಹಾರಿ ಬರಬಲ್ಲ ಈ ಕೆಂಡದ ಚೂರುಗಳು ಸೂರಿನ ದೋಣಿಯಲ್ಲಿ ಕೊಳೆಯದೆ ಒಣಗಿ ಬಿದ್ದಿರುವ ತರಗೆಲೆಯನ್ನೋ, ಹೊಸಿಲಿನ ಮುಂದಿನ ನಾರಿನ ಚಾಪೆಯನ್ನೋ, ಗೋಡೆಗೊರಗಿಸಿದ ಸೌದೆಯ ರಾಶಿಯನ್ನೋ ಅರಸಿಕೊಂಡು ಇಳಿಯುತ್ತವೆ. ಅಟ್ಟದ ಗಾಳಿಗಿಂಡಿಯ ಮೂಲಕ ಒಳಹೊಕ್ಕವಂತೂ ಯಾರ ಕಣ್ಣಿಗೂ ಬೀಳದೆ ಒಳಗಿನಿಂದಲೇ ಮನೆಯನ್ನು ತಿನ್ನುತ್ತವೆ. ಮನೆಯೊಂದು ಹೊತ್ತಿತೆಂದರೆ ಅದು ಗಂಟೆಗಟ್ಟಲೆ ಉರಿದು ನೆರೆಮನೆಗೆ ತಾನೇ ಕಾಳ್ಗಿಚ್ಚಾಗುತ್ತದೆ.

ಆದಕಾರಣ ಅಲ್ಲಿನ ತಜ್ಞರು ಹೇಳುವ ಉಪಾಯಗಳು ಸಾಹಸದವಲ್ಲ, ಪೊರಕೆಯವು. ಬೇಸಗೆಗೆ ಮುನ್ನ ಸೂರಿನ ದೋಣಿಯನ್ನು ಗುಡಿಸುವುದು, ಗಾಳಿಗಿಂಡಿಗಳಿಗೆ ಸುಮಾರು 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿಯನ್ನು ಬಡಿಸುವುದು, ಗೋಡೆಯ ಸುತ್ತ 5 ಅಡಿಯವರೆಗೆ ಉರಿಯತಕ್ಕ ಯಾವುದನ್ನೂ ಇರಗೊಡದಿರುವುದು. ಹುಲ್ಲಿನ ಬಣವೆಯನ್ನು ಮನೆಗೆ ಒತ್ತಿ ಒಟ್ಟಬಾರದೆಂದು ತಿಳಿದಿದ್ದ ನಮ್ಮ ಒಕ್ಕಲಿಗನಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಇನ್ನು ಎಚ್ಚರದ ಮಾತು. ಗಾಳಿ ಬಿರುಸಾಗಿ, ಹವೆಯ ತೇವ ಕುಸಿದು, ಹುಲ್ಲು ಒಣಗಿದ ದಿನಗಳಲ್ಲಿ ಅಲ್ಲಿನ ಹವಾಮಾನ ಇಲಾಖೆ ಕೆಂಪು ಬಾವುಟದ ಎಚ್ಚರಿಕೆಯನ್ನು ಹೊರಡಿಸುತ್ತದೆ. ಕಿಡಿಯಿನ್ನೂ ಹುಟ್ಟದಿರುವಾಗಲೇ ಬರುವುದೇ ಅದರ ಗುಣ. ಪ್ಯಾರಡೈಸಿನಲ್ಲಿ ಊರಿಗೆ ಊರೇ ಒಮ್ಮೆಲೆ ಹೊರಟುದರಿಂದ ರಸ್ತೆಗಳು ಕಟ್ಟಿಹೋಗಿ, ಕೆಲವರು ತಮ್ಮ ವಾಹನಗಳಲ್ಲಿಯೇ ಸತ್ತರು. ಕಾಗದಪತ್ರ, ಔಷಧಿ, ನೀರುಗಳನ್ನು ಒಂದೇ ಚೀಲದಲ್ಲಿರಿಸಿ, ಕಾರಿನ ಮೂತಿಯನ್ನು ಬೀದಿಯ ಕಡೆಗೆ ತಿರುಗಿಸಿ, ಅಪ್ಪಣೆಗೆ ಕಾಯದೆ ಹೊರಡುವುದು ಮೇಲು.

ಬೆಂಕಿ ದೂರದಲ್ಲಿದ್ದರೂ ಹೊಗೆ ಬಿಡದು. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಕಾಶ ಹಗಲಿನಲ್ಲಿಯೇ ಕಿತ್ತಿಳೆಯ ಬಣ್ಣಕ್ಕೆ ತಿರುಗಿದುದನ್ನು ಅಲ್ಲಿ ನೆಲಸಿರುವ ಕನ್ನಡಿಗರೂ ಕಂಡರು. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಹೊಗೆಯ ಕಣ ಶ್ವಾಸಕೋಶದ ಆಳಕ್ಕಿಳಿಯುವುದರಿಂದ, ಕರವಸ್ತ್ರವನ್ನು ಮೂಗಿಗೆ ಹಿಡಿದವನು ತನ್ನ ಸಮಾಧಾನಕ್ಕೆ ಹಿಡಿದಂತೆಯೇ ಸರಿ. ಎನ್95 ಮುಖವಾಡ ಬೇಕು, ಮುಚ್ಚಿದ ಕಿಟಕಿ ಬೇಕು.

ಮನೆ ಬಿಡುವವರಿಗೆ ಅಲ್ಲಿನ ಅಗ್ನಿಶಾಮಕ ದಳ ಹೇಳುವ ಸಲಹೆಗಳಲ್ಲೊಂದು ದೀಪಗಳನ್ನು ಆರಿಸದೆ ಹೊರಡಿರೆಂಬುದು. ಹೊರಡುವಾಗ ದೀಪವಾರಿಸುವುದನ್ನು ಮಿತವ್ಯಯದ ಮೊದಲ ಪಾಠವಾಗಿ ಕಲಿತ ನಮಗೆ ಇದು ವಿಚಿತ್ರವಾಗಿ ತೋರಬಹುದು. ಹೊಗೆ ಕವಿದ ನಡುಹಗಲಿನ ಕತ್ತಲಲ್ಲಿ ಇಲ್ಲೊಂದು ಮನೆಯಿದೆಯೆಂದು ಆ ದಳದವರಿಗೆ ತಿಳಿಯುವುದು ಆ ಬೆಳಕಿನಿಂದಲೇ.