ಕತ್ತಿ ಮಾಡಿಸುವ ಮುನ್ನ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ತೆಂಗಿನ ಮಡಲು ಸವರಲು, ಕಟ್ಟಿಗೆ ಕಡಿಯಲು, ಮೀನು ಕೊಯ್ಯಲು ಬೇರೆ ಬೇರೆ ಕತ್ತಿಗಳುಂಟು. ಆಚಾರಿಯ ಕುಲುಮೆಗೆ ಹೋಗಿ "ಒಂದು ಕತ್ತಿ ಮಾಡಿಕೊಡಿ" ಎಂದರಷ್ಟೇ ಸಾಲದು. ಕೆಲಸ ಯಾವುದೆಂಬುದನ್ನೂ ತಿಳಿಸಬೇಕು.

ಏಕೆಂದರೆ ಕತ್ತಿಯ ಗುಣವಿರುವುದು ಹದದಲ್ಲಿ. ಮಣ್ಣಿಗೂ ಬೆಲ್ಲದ ಪಾಕಕ್ಕೂ ಸಲ್ಲುವ ಈ ಮಾತು ಉಕ್ಕಿಗೂ ಸಲ್ಲುತ್ತದೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲು ಇಂಗಾಲವಿರುತ್ತದೆ. ಆದುದರಿಂದ ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ಎಣ್ಣೆಗೆ ಅದ್ದಿದರೆ ಗಡುಸಾಗುತ್ತದೆ. ಆದರೆ ಗಾಜಿನಂತೆ ಪೆಡಸು. ಮತ್ತೆ ಮೆಲ್ಲಗೆ ಕಾಯಿಸಿದಾಗ ಉಜ್ಜಿದ ಮೈಮೇಲೆ ಬಣ್ಣಗಳೇಳುತ್ತವೆ: ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಬೈಹುಲ್ಲಿನ ಹಳದಿ, 300ಕ್ಕೆ ನೀಲಿ. ಹಳದಿಯಲ್ಲಿ ನಿಲ್ಲಿಸಿದ ಬಾಯಿ ಹರಿತವನ್ನು ಕಾಯುತ್ತದೆ, ಮೀನಿಗೆ ಒಪ್ಪೀತು. ನೀಲಿಯತ್ತ ಒಯ್ದದ್ದು ಪೆಟ್ಟು ತಾಳುತ್ತದೆ, ಕಟ್ಟಿಗೆಗೆ ಒಪ್ಪೀತು.

ಕೆಲಸ ತಿಳಿಸದೆ ಮಾಡಿಸಿದ ಕತ್ತಿಯನ್ನು ನಾನೊಮ್ಮೆ ಕಟ್ಟಿಗೆಗೆ ಬೀಸಿದಾಗ, ಬಾಯಿಯ ಚೂರು ಹಾರಿ ಹುಬ್ಬಿಗೆ ತಾಗಿತು. ಕಣ್ಣು ಉಳಿದದ್ದು ಪುಣ್ಯ. ತಪ್ಪು ಆಚಾರಿಯದಲ್ಲ, ಹೇಳದೆ ಹೋದ ನನ್ನದು. ನೀವು ಹೋಗುವಾಗ ಸವೆದ ಹಳೆಯ ಕತ್ತಿಯನ್ನೂ ಒಯ್ಯಿರಿ. ಅದರ ಸವೆತ ನೋಡಿಯೇ ಆಚಾರಿಗಳು ನಿಮ್ಮ ಕೈಯ ರೀತಿಯನ್ನು ಅರಿತುಕೊಳ್ಳುತ್ತಾರೆ.