ಹರ್ನಿಯಾ ಹೊಲಿದಾಯಿತು, ಮೂಟೆ ಹೊರುವುದು ಎಂದು?

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಹಮಾಲಿಯನ್ನು ನೋಡಲು ನೆಂಟರಿಷ್ಟರು ಬರುತ್ತಾರೆ. ಒಬ್ಬೊಬ್ಬರದು ಒಂದೊಂದು ಉಪದೇಶ. ಮೆಟ್ಟಿಲು ಹತ್ತಬೇಡ, ಬಗ್ಗಬೇಡ, ಆರು ತಿಂಗಳು ಬಿಂದಿಗೆ ಮುಟ್ಟಬೇಡ, ಬದನೆಕಾಯಿ ತಿನ್ನಬೇಡ. (ಪಾಪ, ಬದನೆಕಾಯಿಗೂ ಹೊಲಿಗೆಗೂ ಏನು ಸಂಬಂಧವೋ!) ಆಸ್ಪತ್ರೆಯ ಚೀಟಿಯಲ್ಲಿ ಇರುವುದು ಒಂದೇ ಸಾಲು: ‘ಭಾರ ಎತ್ತಬಾರದು’. ಎಷ್ಟು ಭಾರ, ಎಷ್ಟು ದಿನ ಎಂದು ಬರೆದಿರುವುದಿಲ್ಲ. ದಿನಗೂಲಿಯಲ್ಲಿ ಸಂಸಾರ ತೂಗಿಸುವವನಿಗೆ ಬೇಕಾದದ್ದು ಆ ಎರಡು ಅಂಕಿಗಳೇ.

ಹರ್ನಿಯಾ ಎಂದರೇನು ಎಂಬುದನ್ನು ತಿಳಿಯಲು ಹಳೆಯ ಸೈಕಲ್ ಟೈರನ್ನು ನೆನಪಿಸಿಕೊಂಡರೆ ಸಾಕು. ಟೈರ್ ಸವೆದು ಸೀಳಿದ ಕಡೆ ಒಳಗಿನ ಟ್ಯೂಬು ಗುಳ್ಳೆಯಂತೆ ಹೊರಗೆ ಇಣುಕುತ್ತದೆ. ಹೊಟ್ಟೆಯ ಗೋಡೆಯಲ್ಲಿ ದುರ್ಬಲವಾದ ಜಾಗದಿಂದ ಕೊಬ್ಬೋ ಕರುಳೋ ಹಾಗೆಯೇ ಹೊರಚಾಚುತ್ತದೆ. ಗಂಡಸರಲ್ಲಿ ವೃಷಣಗಳು ಹುಟ್ಟುವ ಮುಂಚೆ ಹೊಟ್ಟೆಯೊಳಗಿನಿಂದ ಇಳಿದು ಬಂದ ದಾರಿ ತೊಡೆಸಂದಿನಲ್ಲಿದೆ. ಆ ದಾರಿಯೇ ಮುಂದೆ ಬಿರುಕಾಗುವುದುಂಟು. ಆದ್ದರಿಂದಲೇ ನೂರು ಗಂಡಸರಲ್ಲಿ ಸುಮಾರು 27 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಹೆಂಗಸರಲ್ಲಿ ಸುಮಾರು 3 ಮಂದಿಗೆ.

ನೆಂಟರ ಉಪದೇಶ ಬರೀ ಮೂಢನಂಬಿಕೆಯಲ್ಲ, ಅದಕ್ಕೊಂದು ಇತಿಹಾಸವಿದೆ. ಇಟಲಿಯ ಪಾದುವಾದಲ್ಲಿ ಎಡೊಆರ್ದೊ ಬಾಸಿನಿ 1884ರಲ್ಲಿ ತೊಡೆಸಂದಿನ ಗೋಡೆಯನ್ನು ಪದರ ಪದರವಾಗಿ ಹೊಲಿಯುವ ವಿಧಾನ ರೂಪಿಸಿದ. ದೊಡ್ಡ ಸಾಧನೆಯೇ ಸರಿ. ಆದರೆ ದೂರವಿದ್ದ ಮಾಂಸಖಂಡಗಳನ್ನು ಎಳೆದು ತಂದು ಹೊಲಿಯುತ್ತಿದ್ದರು. ಬಿಗಿಯಾದ ರವಿಕೆಯ ಹೊಲಿಗೆಯಂತೆ ಅದು ಯಾವಾಗ ಬಿರಿಯುವುದೋ ಎಂಬ ಭಯ. ಅದಕ್ಕಾಗಿ ರೋಗಿಗೆ ವಾರಗಟ್ಟಲೆ ಹಾಸಿಗೆ. ಕೆನಡಾದ ಟೊರಾಂಟೊದಲ್ಲಿ ಎಡ್ವರ್ಡ್ ಅರ್ಲ್ ಶೌಲ್ಡೈಸ್ 1945ರಲ್ಲಿ ಆಸ್ಪತ್ರೆ ತೆರೆದು, ಹೊಲಿಸಿಕೊಂಡವರನ್ನು ಅದೇ ದಿನ ಎದ್ದು ನಡೆಸತೊಡಗಿದ. ಹೊಲಿಗೆ ಬಿಚ್ಚಲಿಲ್ಲ! ಮುಂದೆ ಲಾಸ್ ಏಂಜಲೀಸ್‌ನ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಎಳೆದು ಹೊಲಿಯುವುದನ್ನೇ ಬಿಟ್ಟು, ಬಿರುಕಿನ ಮೇಲೆ ಪಾಲಿಪ್ರೊಪಿಲೀನ್ ಜಾಲರಿಯ ತೇಪೆ ಹಾಕಿದರು. ಬಕೆಟ್ಟು, ಹಗ್ಗಗಳಿಗೆ ಬಳಸುವ ಪ್ಲಾಸ್ಟಿಕ್ಕೇ ಅದು. ಜಾಲರಿಯ ಕಣ್ಣುಗಳ ಮೂಲಕ ದೇಹದ ಅಂಗಾಂಶ ಬೆಳೆದು ಹೆಣೆದುಕೊಳ್ಳುತ್ತದೆ.

ಈ ಜಾಲರಿಯ ಬೆಲೆಯೇ ಬಡವರಿಗೆ ಭಾರ. ಮಹಾರಾಷ್ಟ್ರದ ದೊಂಡಾಯಿಚಾದ ಶಸ್ತ್ರವೈದ್ಯ ರವೀಂದ್ರನಾಥ ಟೋಂಗಾವ್‌ಕರ್ ಅವರು ಶುದ್ಧೀಕರಿಸಿದ ಸೊಳ್ಳೆಪರದೆ ಬಟ್ಟೆಯನ್ನೇ ಬಳಸಿ, ಸಂಗಡಿಗರೊಂದಿಗೆ 2003ರಲ್ಲಿ ಅನುಭವ ಪ್ರಕಟಿಸಿದರು. ಉಗಾಂಡಾದಲ್ಲಿ ಸುಮಾರು 300 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಒಂದು ವರ್ಷದ ನಂತರವೂ ಸೊಳ್ಳೆಪರದೆಗೂ ದುಬಾರಿ ಜಾಲರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈಗ ಹಮಾಲಿಯ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ 20 ಮಂದಿ ಆರೋಗ್ಯವಂತರ ಹೊಟ್ಟೆಯೊಳಗಿನ ಒತ್ತಡ ಅಳೆದು 2005ರಲ್ಲಿ ಪ್ರಕಟಿಸಿದರು. ಸುಮ್ಮನೆ ನಿಂತಾಗ ಸುಮಾರು 20 ಮಿಲಿಮೀಟರ್ ಪಾದರಸದಷ್ಟು, ನಿಂತು ಕೆಮ್ಮಿದಾಗ 107, ಜಿಗಿದಾಗ 171. ಅಂದರೆ ಬೀಡಿ ಸೇದಿ ಕೆಮ್ಮುವವನ ಹೊಲಿಗೆಗೆ ಬೀಳುವ ಒತ್ತಡದ ಮುಂದೆ ನಾಲ್ಕು ಸೇರಿನ ಚೀಲ ಏನೇನೂ ಅಲ್ಲ. ಕೆಮ್ಮಬೇಡ ಎಂದು ಯಾವ ನೆಂಟನೂ ತಡೆಯಲಾರ. ಬೀಡಿ ಬಿಡಿಸಬಹುದು, ಕೆಮ್ಮು ಬಂದಾಗ ದಿಂಬು ಒತ್ತಿ ಹಿಡಿಯಲು ಹೇಳಬಹುದು, ಸೊಪ್ಪು ತರಕಾರಿ ಹಾಕಿ ಮಲಬದ್ಧತೆ ಆಗದಂತೆ ನೋಡಬಹುದು.

ತೊಡೆಸಂದಿನ ಹರ್ನಿಯಾಕ್ಕೆ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇದನ್ನೇ: ಹಿತವೆನಿಸಿದ ಕೂಡಲೇ ಎಂದಿನ ಕೆಲಸಕ್ಕೆ ಮರಳಬಹುದು, ಬೇರೆ ನಿರ್ಬಂಧ ಬೇಕಿಲ್ಲ. ಮೊದಲ ದಿನವೇ ಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದು ನಡೆಯಬೇಕು. ವೃಷಣದ ಸುತ್ತ ಊದಿಕೊಂಡು ಕಪ್ಪಾದರೆ ಎಷ್ಟೋ ಮಂದಿ ಹೌಹಾರುತ್ತಾರೆ. ಅದು ಬಹುಮಟ್ಟಿಗೆ ಇಳಿದ ರಕ್ತ, ತಾನಾಗಿಯೇ ಕರಗುತ್ತದೆ. ಜ್ವರ, ಕೀವು, ಒಳಹೋಗದ ಗಂಟು, ವಾಂತಿ ಇದ್ದರೆ ಮಾತ್ರ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಸ್ಕೂಟರ್? ಗಕ್ಕನೆ ಬ್ರೇಕ್ ತುಳಿದರೂ ನೋವಾಗದಿದ್ದರೆ ಸರಿ.

ಆದರೆ 50 ಕಿಲೋ ಮೂಟೆ ಬಿಂದಿಗೆಯಲ್ಲ. ಗಾಯದ ಕಲೆಗೆ ಮೂರು ವಾರದಲ್ಲಿ ಬರುವುದು ಮೂಲ ಚರ್ಮದ ಐದನೇ ಒಂದರಷ್ಟು ಬಲ. ಮೂರು ತಿಂಗಳಿಗೆ ಸುಮಾರು ಮುಕ್ಕಾಲು ದಾಟುತ್ತದೆ, ಪೂರ್ತಿ ಎಂದೂ ಬಾರದು. ಜಾಲರಿಯ ಆಸರೆ ಇದ್ದರೂ ಅನೇಕ ಶಸ್ತ್ರವೈದ್ಯರು ಹೊರೆ ಹೊರಲು ನಾಲ್ಕರಿಂದ ಆರು ವಾರ ಕಾಯಲು ಹೇಳುವುದು ಇದಕ್ಕೇ. ಹಿಂದಿನ ಆಪರೇಷನ್ನಿನ ಗಾಯದಲ್ಲೇ ಎದ್ದ ದೊಡ್ಡ ಹರ್ನಿಯಾಗಳ ಲೆಕ್ಕ ಬೇರೆ. ಅಂತೂ ಆರು ತಿಂಗಳ ಕೂಲಿ ಕಳೆದುಕೊಳ್ಳುವ ಅಗತ್ಯ ಸಾಧಾರಣ ತೊಡೆಸಂದಿನ ಹರ್ನಿಯಾಕ್ಕಿಲ್ಲ.

ನಿಜವಾದ ತೊಂದರೆ ಬೇರೆಡೆ ಇದೆ. ಹರ್ನಿಯಾ ಮರಳಿ ಬಾರದಿದ್ದರೆ ಆಪರೇಷನ್ ಯಶಸ್ವಿ ಎಂದು ಹಿಂದೆಲ್ಲ ಎಣಿಸುತ್ತಿದ್ದರು. ಆದರೆ ಹತ್ತರಲ್ಲಿ ಒಬ್ಬರಿಗಾದರೂ ಮೂರು ತಿಂಗಳು ಕಳೆದರೂ ಒಂದಿಷ್ಟು ನೋವು ಉಳಿಯುತ್ತದೆ. ದಿನದ ಕೆಲಸಕ್ಕೇ ಅಡ್ಡಿಯಾಗುವಷ್ಟು ನೋವು ಉಳಿಯುವವರು ಕಡಿಮೆ, ಆದರೆ ಇದ್ದಾರೆ. ತೊಡೆಸಂದಿನಲ್ಲಿ ಹಾಯುವ ಮೂರು ಸಣ್ಣ ನರಗಳಲ್ಲಿ ಒಂದು ಹೊಲಿಗೆಗೋ ಕಲೆಗೋ ಸಿಕ್ಕಿಕೊಂಡರೂ ಸಾಕು. ನಾಚಿಕೆಯ ಜಾಗವಾದ್ದರಿಂದ ಗಂಡಸರು ಇದನ್ನು ಹೆಂಡತಿಗೂ ಹೇಳುವುದಿಲ್ಲ. ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ನರದ ಬಳಿ ಅರಿವಳಿಕೆ ಚುಚ್ಚುವುದರಿಂದ ಹಿಡಿದು ಅಪರೂಪಕ್ಕೆ ನರವನ್ನೇ ಕತ್ತರಿಸುವವರೆಗೆ ಇದಕ್ಕೂ ಚಿಕಿತ್ಸೆಯುಂಟು.

ಈ ನೋವನ್ನು ಅಳೆಯಲು ಅಮೆರಿಕದವರು ಕ್ಯಾರೊಲೈನಾಸ್ ಕಂಫರ್ಟ್ ಸ್ಕೇಲ್ ಎಂಬ ಪ್ರಶ್ನಾವಳಿ ಮಾಡಿದ್ದಾರೆ. ಮಲಗಿದಾಗ, ಬಗ್ಗಿದಾಗ, ಎದ್ದು ಕೂತಾಗ, ಕೆಮ್ಮಿದಾಗ, ನಡೆದಾಗ, ಮೆಟ್ಟಿಲೇರಿದಾಗ, ವ್ಯಾಯಾಮ ಮಾಡಿದಾಗ, ದಿನನಿತ್ಯದ ಕೆಲಸದಲ್ಲಿ ಹೇಗಿದೆ ಎಂದು 0ಯಿಂದ 5ರವರೆಗೆ ಅಂಕ ಕೊಡಬೇಕು. ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಕುಕ್ಕರಗಾಲಲ್ಲಿ ಕೂರುವುದು, ಬೆನ್ನ ಮೇಲೆ ಮೂಟೆ ಏರಿಸಿಕೊಂಡು ಲಾರಿಯ ಹಲಗೆ ಹತ್ತುವುದು ಅದರಲ್ಲಿಲ್ಲ. ಇವುಗಳ ಅಂಕವನ್ನು ಮುಂದಿನ ಬಾರಿ ಡಾಕ್ಟರ ಮುಂದೆ ಹಮಾಲಿಯೇ ಹೇಳಬೇಕು.